ಬೀದರದ ಬಾಗಿಲಲ್ಲಿ ಕುಳಿತವರು

ಭಾಲ್ಕಿಯಲ್ಲಿರುವ ನಮ್ಮ ಬಳಗದ ಹುಡುಗಿಯೊಬ್ಬಳು ಮೊನ್ನೆ ತನ್ನ ತಂದೆಯೊಡನೆ ಮನೆಗೆ ಬಂದಿದ್ದಳು. ಪಿ.ಯು.ಸಿ. ಮುಗಿಸಿ ಒಂದು ವರ್ಷವಾಗಿದೆ. ಆಸ್ಪತ್ರೆಯೊಂದರಲ್ಲಿ ರಿಸೆಪ್ಷನಿಸ್ಟ್ ಬೇಕಾಗಿದ್ದಾರೆಂಬ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಆ ಕೆಲಸದಲ್ಲಿ ನಾನು ಬಹುಕಾಲ ಇದ್ದವನಾದುದರಿಂದ ನನ್ನನ್ನು ವಿಚಾರಿಸಲು ಬಂದಿದ್ದರು. “ಕಾಕಾ, ಆ ಕೆಲಸಕ್ಕ ಯಾನ್ ಓದಬೇಕು?” ಎಂದು ಹುಡುಗಿ ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಅವಳ ತಂದೆ, “ಬಾಗಿಲದಾಗ ಕೂತು ಬಂದವರ ಹೆಸರು ಬರಕೊಳ್ಳೋದೂ ಒಂದು ನೌಕರಿ ಏನ್ರಿ ಅಣ್ಣಾ?” ಎಂದುಬಿಟ್ಟ. ಅವನ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಮಗಳು ಓದಿ ಒಳಗಿನ ಕುರ್ಚಿಯಲ್ಲಿ ಕೂಡಬೇಕೆಂದು ಆಸೆಪಟ್ಟ ತಂದೆಯ ಬೇಸರವಷ್ಟೇ ಅದು. ಚಹ ಕುಡಿದು ಸಂಜೆಯ ಬಸ್ಸಿಗೆ ಅವರು ಹೊರಟುಹೋದರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಉತ್ತರವು ಬೀದರದ ಕೋಟೆಯ ಬಾಗಿಲಿನಲ್ಲಿಯೇ ಇದೆಯೆಂದು ರಾತ್ರಿ ಮಲಗಿದ ಮೇಲೆ ಹೊಳೆಯಿತು.

1470ರ ಸುಮಾರಿನಲ್ಲಿ, ಎಂದರೆ ವಾಸ್ಕೋ ಡ ಗಾಮಾ ಕಲ್ಲಿಕೋಟೆಯನ್ನು ಮುಟ್ಟುವುದಕ್ಕೆ ಕಾಲು ಶತಮಾನಕ್ಕೂ ಮುಂಚೆ, ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವರ್ತಕನು ಬೀದರಕ್ಕೆ ಬಂದನು. 1957ರಲ್ಲಿ ಭಾರತ ಮತ್ತು ಸೋವಿಯತ್ ದೇಶಗಳು ಕೂಡಿ ತೆಗೆದ ‘ಪರದೇಸಿ’ ಚಿತ್ರದ ಕಥಾನಾಯಕ ಇವನೇ. ಅವನು ತನ್ನ ಟಿಪ್ಪಣಿಗಳಲ್ಲಿ ಬೀದರದ ಬಜಾರು, ಕುದುರೆ ವ್ಯಾಪಾರ, ಆನೆ, ಮಳೆಗಾಲದ ಕೆಸರು ಎಲ್ಲವನ್ನೂ ಬರೆದಿದ್ದಾನೆ. ಅವುಗಳ ನಡುವೆ ಸುಲ್ತಾನನ ಅರಮನೆಯ ವರ್ಣನೆಯೂ ಬರುತ್ತದೆ. ಅರಮನೆಗೆ ಏಳು ಬಾಗಿಲುಗಳು. ಒಂದೊಂದು ಬಾಗಿಲಲ್ಲಿಯೂ ನೂರು ಮಂದಿ ಕಾವಲುಗಾರರು, ನೂರು ಮಂದಿ ಬರೆಹಗಾರರು. ಬಂದವರನ್ನು ಕೆಲವರು ಬರೆದುಕೊಳ್ಳುತ್ತಾರೆ, ಹೋದವರನ್ನು ಕೆಲವರು ಬರೆದುಕೊಳ್ಳುತ್ತಾರೆ. ಪರದೇಶಿಗಳನ್ನು ಮಾತ್ರ ಒಳಗೆ ಬಿಡುವುದಿಲ್ಲ. ಅವನು ಹೇಳುವುದಿಷ್ಟು. ನೂರು ಎಂಬುದು ವರ್ತಕನ ನೂರು ಇರಬಹುದು, ಸ್ವಲ್ಪ ಕಳೆದುಕೊಳ್ಳೋಣ. ಆದರೂ ಐದೂವರೆ ಶತಮಾನದ ಕೆಳಗೆ ನಮ್ಮೂರಿನ ಬಾಗಿಲಲ್ಲಿ ಖಡ್ಗದಷ್ಟೇ ಲೇಖನಿಗೂ ಸ್ಥಾನವಿದ್ದಿತೆಂಬುದು ಸಣ್ಣ ಸಂಗತಿಯಲ್ಲ. ಇಂದು ಪ್ರವಾಸಿಗಳು ಹುಲಿಗಳ ಕೆತ್ತನೆ ನೋಡಿ ಬೆರಗಾಗುವ ಶರಜಾ ದರವಾಜಾ ನಿಕಿತಿನ್ ಕಂಡ ಬಾಗಿಲಲ್ಲ. ಅದರ ಶಾಸನ 1503ರದು. ಅವನು ಬಂದಾಗ ಬೀದರ ರಾಜಧಾನಿಯಾಗಿ ಸುಮಾರು ನಲವತ್ತು ವರ್ಷಗಳಾಗಿದ್ದುವು.

ಈ ಬರೆಹಗಾರರನ್ನು ಅವನು ಕಾಫಿರರೆಂದು ಕರೆದಿರುವುದು ಗಮನಿಸಬೇಕಾದ ವಿಷಯ. ಎಂದರೆ ಈ ನೆಲದ ಹಿಂದೂಗಳು. ಸುಲ್ತಾನನೂ ದೊಡ್ಡ ಅಧಿಕಾರಿಗಳೂ ಫಾರಸಿ ಬಲ್ಲವರು. ಅವರಲ್ಲಿ ಅನೇಕರು ಇರಾನಿನಿಂದಲೋ ಮಧ್ಯ ಏಷ್ಯಾದಿಂದಲೋ ಬಂದವರು. ಆದರೆ ಬಾಗಿಲಿಗೆ ಬರುವವನು ಆಣದೂರಿನಿಂದಲೋ ಭಾಲ್ಕಿಯಿಂದಲೋ ಬಂದವನಾದರೆ ಅವನ ಹೆಸರನ್ನು ಕೇಳಿ ತಿಳಿದು ತಪ್ಪಿಲ್ಲದೆ ಬರೆಯಬಲ್ಲವನು ಈ ನೆಲದವನೇ ಆಗಬೇಕು. ಹಳ್ಳಿಯ ಲೆಕ್ಕವು ಕುಲಕರ್ಣಿಯ ಕೈಯಲ್ಲಿ, ಪರಗಣೆಯ ಲೆಕ್ಕವು ದೇಶಪಾಂಡೆಯ ಕೈಯಲ್ಲಿ ಉಳಿದುದು ಇದೇ ಕಾರಣದಿಂದ. ಮುಂದೆ ಬಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲಶಾಹನು ಕಂದಾಯದ ಲೆಕ್ಕಪತ್ರಗಳನ್ನು ಫಾರಸಿಯಿಂದ ತೆಗೆದು ದೇಶಭಾಷೆಗೆ ತಂದುದೂ ಇದೇ ಕಾರಣದಿಂದಲೇ ಇರಬೇಕು. ಗಡಿಯಾಚೆಯಿಂದ ಬಂದ ಪಂಡಿತನಿಗೆ ಮಂತ್ರಿಪದವಿ ಸಿಕ್ಕೀತು, ಬಾಗಿಲ ಮೇಜು ಮಾತ್ರ ಸಿಗದು!

ನಿಕಿತಿನ್ ‘ಗರೀಬ’ ಎಂಬ ಪದವನ್ನು ಬಳಸಿದ್ದಾನೆ. ನಾವು ಇಂದು ಗರೀಬನೆಂದರೆ ಬಡವ ಎನ್ನುತ್ತೇವೆ. ಮೂಲದಲ್ಲಿ ಅದಕ್ಕೆ ಪರಸ್ಥಳದವನು ಎಂದೇ ಅರ್ಥ. ಗೊತ್ತಿಲ್ಲದ ಊರಿಗೆ ಹೋದವನು, ಜೇಬು ತುಂಬಿದ್ದರೂ, ಬಾಗಿಲ ಮುಂದೆ ನಿಂತಾಗ ಬಡವನೇ. ಇದು ನಿಕಿತಿನ್‌ಗೆ ಚೆನ್ನಾಗಿ ತಿಳಿದಿತ್ತು. ಬೀದರಕ್ಕೆ ಬರುವ ಮುನ್ನ ಜುನ್ನರಿನಲ್ಲಿ ಅಲ್ಲಿಯ ಖಾನನು ಅವನ ಕುದುರೆಯನ್ನು ಕಿತ್ತುಕೊಂಡು, ಮತಾಂತರಗೊಂಡರೆ ಹಿಂದಕ್ಕೆ ಕೊಡುವೆನೆಂದು ನಾಲ್ಕು ದಿನದ ವಾಯಿದೆ ಹಾಕಿದ್ದನು. ಖುರಾಸಾನದ ಅಧಿಕಾರಿಯೊಬ್ಬನು ಒಳಗೆ ಹೋಗಿ ಇವನ ಪರವಾಗಿ ಮಾತನಾಡಿದುದರಿಂದ ಕುದುರೆಯೂ ಉಳಿಯಿತು, ಮತವೂ ಉಳಿಯಿತು. ಹೊರಗೆ ನಿಂತವನ ಮಾತನ್ನು ಒಳಗೆ ಮುಟ್ಟಿಸುವ ಒಬ್ಬನು ಸಿಕ್ಕಿದ್ದನು, ಅಷ್ಟೆ.

ಬಾಗಿಲಲ್ಲಿ ಬರೆದುಕೊಳ್ಳುವ ಪದ್ಧತಿ ಬೀದರದಲ್ಲಿಯೇ ಹುಟ್ಟಿದುದಲ್ಲ. ಇದಕ್ಕೆ ನೂರಕ್ಕೂ ಹೆಚ್ಚು ವರ್ಷ ಮುಂಚೆ ಇಬ್ನ್ ಬತೂತನು ದಿಲ್ಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಅರಮನೆಯನ್ನು ಕಂಡಾಗ ಮೂರನೆಯ ಬಾಗಿಲಲ್ಲಿ ಲೇಖಕರು ಕುಳಿತಿದ್ದರು. ಇಂಥವನು ಇಂಥ ಜಾವದಲ್ಲಿ ಬಂದನೆಂದು ಅವರು ಬರೆದಿಡುತ್ತಿದ್ದರು. ಸುಲ್ತಾನನು ರಾತ್ರಿಯ ನಮಾಜಿನ ನಂತರ ಅದನ್ನು ನೋಡುತ್ತಿದ್ದನು. ಮೂರು ದಿನ ಮುಖ ತೋರಿಸದ ಸರದಾರನು ಮತ್ತೆ ಒಳಗೆ ಬರಬೇಕಾದರೆ ಹೊಸದಾಗಿ ಅಪ್ಪಣೆ ಪಡೆಯಬೇಕಾಗಿತ್ತು. 1347ರಲ್ಲಿ ಬಹಮನಿ ರಾಜ್ಯವನ್ನು ಕಟ್ಟಿದವರು ಆ ತುಘಲಕನ ವಿರುದ್ಧವೇ ದೌಲತಾಬಾದಿನಲ್ಲಿ ಬಂಡೆದ್ದ ಅಧಿಕಾರಿಗಳು. ಯಜಮಾನನನ್ನು ಬಿಟ್ಟರೂ ಯಜಮಾನನ ಕಚೇರಿಯ ರೂಢಿಯನ್ನು ಬಿಡಲಿಲ್ಲವೆಂದು ನನಗೆ ತೋರುತ್ತದೆ.

ಬಾಗಿಲ ಚಾಕರಿಯನ್ನು ಹಗುರವಾಗಿ ಕಂಡರೆ ಏನಾಗುತ್ತದೆಂಬುದಕ್ಕೆ ನಿದರ್ಶನವೂ ಬೀದರದಲ್ಲಿಯೇ ಇದೆ. ಮಹಮೂದ್ ಗವಾನನ ಹೆಸರನ್ನು ಕೇಳದ ಕನ್ನಡಿಗರು ಕಡಮೆ. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಒಂದು ಮಿನಾರು ಇಂದಿಗೂ ಹಸಿರು ನೀಲಿ ಹೆಂಚುಗಳ ಮಿಂಚಿನಿಂದ ನಿಂತಿದೆ. ಆ ಮಹಾಮಂತ್ರಿಯ ಮುದ್ರೆಯನ್ನು ಕಾಯುತ್ತಿದ್ದವನು ಒಬ್ಬ ಹಬಸಿ ಸೇವಕ. ಫೆರಿಷ್ತಾ ಹೇಳುವ ಕಥೆಯೆಂದರೆ, ಗವಾನನ ಶತ್ರುಗಳು ಈ ಸೇವಕನ ಸ್ನೇಹ ಬೆಳೆಸಿದರು, ಉಡುಗೊರೆ ಕೊಟ್ಟರು, ಕುಡಿಸಿದರು. ಒಂದು ದಿನ ಮಡಿಸಿದ ಕಾಗದವೊಂದನ್ನು ಮುಂದಿಟ್ಟು, ‘ಇದು ಮಿತ್ರರೊಬ್ಬರ ಲೆಕ್ಕದ ಕಾಗದ, ಬೇರೆ ಕಚೇರಿಗಳ ಮುದ್ರೆಯೆಲ್ಲ ಆಗಿದೆ, ನಿಮ್ಮದೊಂದು ಉಳಿದಿದೆ’ ಎಂಬರ್ಥದ ಮಾತನಾಡಿದರು. ಅವನು ಬಿಚ್ಚಿ ನೋಡದೆ ಒತ್ತಿಬಿಟ್ಟನು. ಒಳಗೆ ಖಾಲಿಯಿದ್ದ ಆ ಕಾಗದದಲ್ಲಿ ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರ ಮೂಡಿತು. ಮುದ್ರೆ ನನ್ನದು, ಪತ್ರ ನನ್ನದಲ್ಲ ಎಂದ ಗವಾನನ ಮಾತನ್ನು ಸುಲ್ತಾನನು ಕೇಳಲಿಲ್ಲ. 1481ರ ಏಪ್ರಿಲಿನಲ್ಲಿ ಕೊಂಡಪಲ್ಲಿಯ ಬೀಡಿನಲ್ಲಿ, ಎಪ್ಪತ್ತು ದಾಟಿದ್ದ ಆ ವೃದ್ಧನ ತಲೆ ಹೋಯಿತು. ಮರುವರ್ಷ ಪಶ್ಚಾತ್ತಾಪದಲ್ಲಿ ಬೆಂದ ಸುಲ್ತಾನನೂ ಹೋದನು. ಕೆಲವು ದಶಕಗಳಲ್ಲಿ ರಾಜ್ಯವು ಐದು ಹೋಳಾಯಿತು. ರಾಜ್ಯ ಒಡೆಯಲು ಬೇರೆ ಕಾರಣಗಳೂ ಇದ್ದುವು: ದಕ್ಕನಿಗಳಿಗೂ ಹೊರಗಿನಿಂದ ಬಂದ ಆಫಾಕಿಗಳಿಗೂ ಇದ್ದ ಹಗೆತನವೇ ಅವುಗಳಲ್ಲಿ ದೊಡ್ಡದು. ಆದರೂ ‘ಎಲ್ಲರ ಸಹಿಯೂ ಆಗಿದೆ, ನಿಮ್ಮದೊಂದೇ ಬಾಕಿ’ ಎಂದು ಯಾರಾದರೂ ಮೇಜಿನ ಮೇಲೆ ಕಾಗದ ಸರಿಸಿದಾಗ ನನಗೆ ಆ ಹಬಸಿಯ ನೆನಪಾಗುತ್ತಿತ್ತು.

ಇನ್ನೂ ಮುನ್ನೂರು ವರ್ಷ ಹಿಂದೆ ಸರಿದರೆ ಇದೇ ಜಿಲ್ಲೆಯ ಕಲ್ಯಾಣಕ್ಕೆ ಹೋಗುತ್ತೇವೆ. ಹಳೆಯ ಕನ್ನಡದಲ್ಲಿ ಬಾಗಿಲ ಅಧಿಕಾರಿಗೆ ಪಡಿಯರನೆಂಬ ಹೆಸರಿತ್ತು. ಸಂಸ್ಕೃತದ ಪ್ರತಿಹಾರನೇ ನಮ್ಮಲ್ಲಿ ಪಡಿಯರನಾದನು. ಬಸವಣ್ಣನವರ ಮಹಾಮನೆಯಲ್ಲಿ ಆ ಸ್ಥಾನದಲ್ಲಿದ್ದವನು ಹಡಪದ ಅಪ್ಪಣ್ಣ. ಕ್ಷೌರಿಕ ಕುಲದಲ್ಲಿ ಹುಟ್ಟಿದವನೆಂದು ಸಂಪ್ರದಾಯ ಹೇಳುತ್ತದೆ. ಮಂತ್ರಿಯನ್ನು ಕಾಣಬಂದವನು ಮೊದಲು ಅಪ್ಪಣ್ಣನನ್ನು ಕಾಣಬೇಕಾಗಿತ್ತು. ಬೆಳಗ್ಗೆ ಅಂಥವನ ಮುಖ ಕಾಣಬಾರದೆಂದು ನಂಬಿದ್ದ ಸಮಾಜದಲ್ಲಿ ಮನೆಯ ಮೊದಲ ಮುಖವನ್ನಾಗಿ ಅವನನ್ನೇ ನಿಲ್ಲಿಸಿದುದರ ಅರ್ಥವನ್ನು ವಾಚಕರು ಊಹಿಸಬಹುದು. ಶೂನ್ಯಸಂಪಾದನೆಯಲ್ಲಿ ಒಂದು ಪ್ರಸಂಗವಿದೆ. ಅಲ್ಲಮಪ್ರಭು ಸಿದ್ಧರಾಮನೊಡನೆ ಕಲ್ಯಾಣಕ್ಕೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು, ಅಪ್ಪಣ್ಣನನ್ನು ಕಳುಹಿಸಿದರು, ಪ್ರಭು ಒಳಗೆ ಬರಲಿಲ್ಲ. ತಾವೇ ಎದ್ದುಹೋಗದೆ ಬೇರೊಬ್ಬರನ್ನು ಕಳುಹಿಸಿದುದು ತಪ್ಪೆಂದು ಚೆನ್ನಬಸವಣ್ಣನು ಹೇಳಬೇಕಾಯಿತು. ಬಾಗಿಲಲ್ಲಿ ಎಂಥ ಯೋಗ್ಯನಿದ್ದರೂ, ಕೆಲವರು ಬಂದಾಗ ಯಜಮಾನನೇ ಏಳಬೇಕು. ಯಾರು ಬಂದಾಗ ಎಂಬುದನ್ನು ಯಜಮಾನನಿಗೆ ತಿಳಿಸುವುದೂ ಬಾಗಿಲಲ್ಲಿ ಕುಳಿತವನ ಕೆಲಸವೇ. ಈ ಒಂದು ಪಾಠ ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು.

ಬರೀದಶಾಹಿ, ಆದಿಲಶಾಹಿ, ಮೊಗಲರ ಕಾಲಗಳನ್ನು ದಾಟಿ ನಿಜಾಮರ ಕಾಲಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಹೈದರಾಬಾದು ಸಂಸ್ಥಾನದ ಕಚೇರಿಗಳಲ್ಲಿ ಫಾರಸಿ ಹೋಗಿ ಉರ್ದು ಬಂದಿತು. ಉರ್ದುವಿನ ಮೇಲೆ ನನಗೆ ದ್ವೇಷವಿಲ್ಲ. ಬೀದರದ ಬೀದಿಗಳಲ್ಲಿ ಬೆಳೆದವನಿಗೆ ದಕ್ಕನಿಯ ಸವಿ ಗೊತ್ತೇ ಇರುತ್ತದೆ. ಆದರೆ ಕಚೇರಿಯ ಉರ್ದು ಬೀದಿಯ ದಕ್ಕನಿಯಲ್ಲ. ಕನ್ನಡವೋ ಮರಾಠಿಯೋ ಮಾತನಾಡುವ ರೈತನು ತಹಸೀಲಿಗೆ ಬಂದರೆ ಮೊದಲು ಹೊರಗೆ ಕುಳಿತ ಅರ್ಜಿನವೀಸನನ್ನು ಹಿಡಿಯಬೇಕು. ಅವನು ಬರೆದುಕೊಟ್ಟುದು ಏನೆಂದು ತಿಳಿಯದೆಯೇ ಹೆಬ್ಬೆಟ್ಟು ಒತ್ತಬೇಕು. ಆಮೇಲೆ ಚಪರಾಸಿಯ ಮುಖ ನೋಡುತ್ತ ನಿಲ್ಲಬೇಕು. ಬಹಮನಿಯ ಬಾಗಿಲಲ್ಲಿ ಈ ನೆಲದವನನ್ನು ಕೂಡಿಸಿದ್ದ ವಿವೇಕ ಈಗ ಬಾಗಿಲಿನಿಂದ ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತಿತ್ತು. ಅದಕ್ಕೆ ದುಡ್ಡು ಬೇರೆ ತೆರಬೇಕಾಗಿತ್ತು.

ಇದೇ ಕಾಲದಲ್ಲಿ ಭಾಲ್ಕಿಯ ಹಿರೇಮಠದಲ್ಲಿ ಇನ್ನೊಂದು ಬಗೆಯ ಬಾಗಿಲು ತೆರೆಯಿತು. ಕಮಲನಗರದಲ್ಲಿ ಹುಟ್ಟಿ, ನೂರು ವರ್ಷಕ್ಕೂ ಮಿಕ್ಕಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಚನ್ನಬಸವ ಪಟ್ಟದ್ದೇವರು ಕನ್ನಡ ಶಾಲೆ ನಡೆಸಿದ ಬಗೆಯನ್ನು ಭಾಲ್ಕಿಯ ಹಿರಿಯರೆಲ್ಲ ಹೇಳುತ್ತಾರೆ: ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಬಾಗಿಲ ಮೇಲಿನ ಬರೆಹ ಅಧಿಕಾರಿಗೆ, ಬಾಗಿಲ ಒಳಗಿನದು ಮಕ್ಕಳಿಗೆ. ನಮ್ಮ ಹುಡುಗಿಯ ತಂದೆಯ ತಂದೆ ಅಕ್ಷರ ಕಲಿತದ್ದು ಆ ಮಠದ ನೆರಳಿನಲ್ಲಿಯೇ. ಆ ಫಲಕವನ್ನು ದಾಟಿ ಒಳಗೆ ಹೋದುದರಿಂದಲೇ ಮೊಮ್ಮಗಳು ಇಂದು ಕನ್ನಡದಲ್ಲಿ ಅರ್ಜಿ ಬರೆದುಕೊಂಡು ಓಡಾಡುತ್ತಿದ್ದಾಳೆಂಬುದನ್ನು ಅವನು ಮರೆತಂತಿದೆ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಜಿಲ್ಲೆ ಹರಿದು ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ. ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ್, ಹುಮನಾಬಾದುಗಳು ಮೈಸೂರಿಗೆ. ನಕಾಶೆಯಲ್ಲಿ ಗೆರೆ ಎಳೆದವರಿಗೆ ಕೆಲಸ ಅಲ್ಲಿಗೆ ಮುಗಿಯಿತು. ಬೀದರದ ಕೌಂಟರಿನಲ್ಲಿ ಕುಳಿತವನಿಗೆ ಅದು ಮುಗಿಯಲಿಲ್ಲ. ಏಕೆಂದರೆ ರೋಗಕ್ಕೆ ರಾಜ್ಯವಿಲ್ಲ. ಉದಗೀರದ ಬಾಣಂತಿಯೂ ಜಹೀರಾಬಾದಿನ ಮುದುಕನೂ ಹತ್ತಿರವೆಂದು ಬೀದರಕ್ಕೇ ಬಂದರು. ನಾನು 1983ರಲ್ಲಿ ಖಾಸಗಿ ಆಸ್ಪತ್ರೆಯೊಂದರ ಬಾಗಿಲಲ್ಲಿ ಗೆರೆ ಹಾಕಿದ ದಪ್ಪ ರಿಜಿಸ್ಟರಿನ ಮುಂದೆ ಕುಳಿತಾಗ ಬೆಳಗಿನ ಒಂದು ಗಂಟೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಐದೂ ಕಿವಿಗೆ ಬೀಳುತ್ತಿದ್ದುವು.

ನನ್ನ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಮರಾಠಿ ಮಾತನಾಡುವ ಹೆಂಗಸೊಬ್ಬಳು ಗಂಟಿನ ತುಣುಕು ತೆಗೆಸಿಕೊಂಡು ಹೋಗಿದ್ದಳು. ವರದಿ ಬಂದ ಮೇಲೆ ಅಂಚೆಯಲ್ಲಿ ಕಳುಹಿಸಬೇಕಾಗಿತ್ತು. ಊರು ಯಾವುದೆಂದರೆ ಔರಾದ್ ಎಂದಳು. ನಾನು ಔರಾದ್ ಎಂದು ಬರೆದೆ. ಬೀದರದ ಕಡೆಯವರಿಗೆ ಗೊತ್ತು, ನಮ್ಮಲ್ಲಿ ಔರಾದ್ ಎರಡು: ತಾಲ್ಲೂಕಿನ ಊರಾದ ಔರಾದ್ ಬಿ, ಬೀದರ ತಾಲ್ಲೂಕಿನ ಹಳ್ಳಿಯಾದ ಔರಾದ್ ಎಸ್. ಒಂದು ಅಕ್ಷರ ಕೇಳದೆ ಬಿಟ್ಟೆ. ಕಾಗದ ಆ ಔರಾದಿಗೆ ಹೋಗಿ, ಅಲ್ಲಿ ಸುತ್ತಿ, ವಿಳಾಸದವರು ಸಿಗಲಿಲ್ಲವೆಂಬ ಷರಾದೊಡನೆ ಮೂರು ವಾರದ ಮೇಲೆ ನನ್ನ ಮೇಜಿಗೇ ತಿರುಗಿ ಬಂದಿತು. ಅಷ್ಟರಲ್ಲಿ ಅವಳು, ಕಾಗದ ಬರಲಿಲ್ಲವಾದುದರಿಂದ ಭಯಪಡುವಂಥದು ಏನೂ ಇಲ್ಲವೆಂದು ತಿಳಿದು ಕೊಯ್ಲಿಗೆ ಹೋಗಿದ್ದಳು. ಡಾಕ್ಟರು ಆಳು ಕಳುಹಿಸಿ ಕರೆಸಿದರು. ಮೂರು ವಾರ ಅವಳಿಗೆ ಎಷ್ಟು ದುಬಾರಿಯಾಯಿತೆಂದು ಅವರು ನನಗೆ ಹೇಳಲಿಲ್ಲ, ನಾನೂ ಕೇಳುವ ಧೈರ್ಯ ಮಾಡಲಿಲ್ಲ. ಅವಳು ಮತ್ತೆ ಬಂದಾಗ ನನ್ನ ಮೇಲೆ ಸಿಟ್ಟಾಗಲಿಲ್ಲ. ‘ಭಾವೂ, ಈ ಸಲ ನೀಟ ಬರಕೋ’ ಎಂದಳು.

ಇನ್ನು ಹುಡುಗಿಯ ಪ್ರಶ್ನೆಗೆ ಬರೋಣ. ಯಾನ್ ಓದಬೇಕು? ಖಾಸಗಿ ಆಸ್ಪತ್ರೆ, ಲಾಡ್ಜು, ಕಾಲೇಜು, ವಾಹನದ ಶೋರೂಮು, ಇವುಗಳಲ್ಲಿ ಪಿ.ಯು.ಸಿ. ಇದ್ದರೆ ಸಾಮಾನ್ಯವಾಗಿ ನಡೆಯುತ್ತದೆ, ಪದವಿಯಿದ್ದರೆ ಮೇಲು. ಕಂಪ್ಯೂಟರಿನಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಬೆರಳು ನೋಡದೆ ಒತ್ತಲು ಬರಬೇಕು. ಸರ್ಕಾರದ ಬೆರಳಚ್ಚು ಪರೀಕ್ಷೆಯನ್ನು ಪಾಸುಮಾಡಿಕೊಂಡರೆ ಎಲ್ಲಿ ಹೋದರೂ ಉಪಯೋಗ. ದೊಡ್ಡ ಹೋಟೆಲುಗಳಿಗೆ ಹೋಗಬೇಕೆಂಬವರಿಗೆ ಐ.ಟಿ.ಐ.ಗಳಲ್ಲಿಯೂ ಹೋಟೆಲ್ ನಿರ್ವಹಣೆಯ ಸಂಸ್ಥೆಗಳಲ್ಲಿಯೂ ‘ಫ್ರಂಟ್ ಆಫೀಸ್’ ಎಂಬ ಪ್ರತ್ಯೇಕ ಶಿಕ್ಷಣವಿದೆ. ಸರ್ಕಾರಿ ಕಚೇರಿಯೇ ಬೇಕೆಂದರೆ ದಾರಿ ಬೇರೆ. ಲೋಕಸೇವಾ ಆಯೋಗದ ಪರೀಕ್ಷೆ ಬರೆದು ದ್ವಿತೀಯ ದರ್ಜೆ ಸಹಾಯಕರಾಗಬೇಕು; ಅದಕ್ಕೂ ಪಿ.ಯು.ಸಿ. ಸಾಕು. ಸಂವಿಧಾನಕ್ಕೆ 371ಜೆ ವಿಧಿ ಸೇರಿ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಭಾಗದ ಸ್ಥಳೀಯರಿಗೆ ಇಲ್ಲಿಯ ‘ಸಿ’ ದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 80 ಮೀಸಲು. ದಕ್ಕನಿ, ಆಫಾಕಿಗಳ ಹಳೆಯ ವ್ಯಾಜ್ಯ ಕತ್ತಿಯಿಲ್ಲದೆ ಇತ್ಯರ್ಥವಾದ ಬಗೆ ಇದು ಎನ್ನಬಹುದೇನೋ.

ಆದರೆ ಸಂದರ್ಶನದಲ್ಲಿ ಮಾಲೀಕರು ನೋಡುವುದು ಪ್ರಮಾಣಪತ್ರವನ್ನಲ್ಲ. ಹೊರಗೆ ಕುಳಿತ ಹಳ್ಳಿಯವನೊಬ್ಬನನ್ನು ತೋರಿಸಿ, ‘ಇವರಿಗೆ ಏನು ಬೇಕೋ ಕೇಳಿಕೊಂಡು ಬಾ’ ಎನ್ನುತ್ತಾರೆ. ಬೀದರದಲ್ಲಿ ಬರಿಯ ಕನ್ನಡ, ಇಂಗ್ಲಿಷ್ ನಂಬಿಕೊಂಡವರು ಅಲ್ಲಿಯೇ ಎಡವುತ್ತಾರೆ. ಭಾಲ್ಕಿಯ ಹುಡುಗಿಗೆ ಮರಾಠಿ ಅಂಗಳದಲ್ಲಿಯೇ ಬಂದಿರುತ್ತದೆ, ದಕ್ಕನಿ ಬಜಾರಿನಲ್ಲಿ ಬಂದಿರುತ್ತದೆ. ಅದನ್ನು ಅವಳು ಅರ್ಜಿಯಲ್ಲಿ ಬರೆದೇ ಇರಲಿಲ್ಲ! ಅದೂ ಒಂದು ವಿದ್ಯೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಉಳಿದುದೆಲ್ಲ ಮೇಜಿನ ಮುಂದೆ ಕುಳಿತು ಕಲಿಯುವಂಥದು: ಹೆಸರಿಗಿಂತ ಮೊದಲು ಊರು ಕೇಳಬೇಕು, ಬರೆದುದನ್ನು ಬಂದವರಿಗೆ ಓದಿ ಹೇಳಬೇಕು, ‘ಸಾಹೇಬರಿಲ್ಲ’ ಎನ್ನದೆ ಎಷ್ಟು ಹೊತ್ತಿಗೆ ಬರುವರೆಂದು ಹೇಳಬೇಕು. ಡಾಕ್ಟರ ಸರದಿಯ ಪಟ್ಟಿಯಲ್ಲಿ ಪ್ರತಿ ನಾಲ್ಕನೆಯ ಸಾಲನ್ನು ನಾನು ಖಾಲಿ ಬಿಡುತ್ತಿದ್ದೆ. ಫೋನು ಮಾಡದೆ ಔರಾದಿನಿಂದ ಮೊದಲ ಬಸ್ಸಿಗೆ ಬಂದಿಳಿಯುವವರಿಗೆಂದು. ಪಟ್ಟಣದ ಕೆಲವರು ಇದಕ್ಕಾಗಿ ನನ್ನ ಮೇಲೆ ದೂರು ಕೊಟ್ಟದ್ದೂ ಉಂಟು.

ಔರಾದಿನ ಮಾತು ಬಂದಿತಾದುದರಿಂದ ಒಂದು ಸಂಗತಿ ಹೇಳಬೇಕು. ಬಾಗಿಲಲ್ಲಿ ಬರೆದುಕೊಂಡುದಕ್ಕೆ ಒಳಗಿದ್ದವರು ಉತ್ತರ ಕೊಡಲೇಬೇಕೆಂಬ ಕಾನೂನು ಕರ್ನಾಟಕದಲ್ಲಿ 2011ರಲ್ಲಿ ಆಯಿತು. ‘ಸಕಾಲ’ ಎಂದು ಅದಕ್ಕೆ ಹೆಸರು. ರಾಜ್ಯಕ್ಕೆಲ್ಲ ತರುವ ಮುನ್ನ ಪರೀಕ್ಷೆಗೆಂದು ನಾಲ್ಕು ತಾಲ್ಲೂಕುಗಳನ್ನು ಆರಿಸಿದರು: ಧಾರವಾಡ, ಚಿತ್ರದುರ್ಗ, ಪುತ್ತೂರು, ಔರಾದ್. 2012ರ ಮಾರ್ಚಿ 1ರಂದು ಅಲ್ಲಿ ಆರಂಭವಾಗಿ, ಏಪ್ರಿಲ್ 2ರಂದು ರಾಜ್ಯಕ್ಕೆಲ್ಲ ಬಂದಿತು. ಅರ್ಜಿ ಕೊಟ್ಟವನಿಗೆ ಕೌಂಟರಿನಲ್ಲಿಯೇ 15 ಅಂಕಿಗಳ ಸಂಖ್ಯೆಯಿರುವ ರಸೀತಿ ಸಿಗಬೇಕು. ಗೊತ್ತುಪಡಿಸಿದ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ. ಅದೂ ತಡಮಾಡಿದ ಅಧಿಕಾರಿಯ ಜೇಬಿನಿಂದ. ಕಾನೂನಿನಲ್ಲಿ ಬರೆದಂತೆಯೇ ಎಲ್ಲ ನಡೆದಿದೆಯೆಂದು ನಾನು ಹೇಳುವುದಿಲ್ಲ. ‘ರಸೀತಿ ನಾಳೆ ಬಾ’ ಎನ್ನಿಸಿಕೊಂಡು ಬಂದವರು ನನ್ನ ಪರಿಚಯದಲ್ಲಿಯೇ ಇದ್ದಾರೆ. ಆದರೆ ಏಳು ಬಾಗಿಲ ಬರೆಹಗಾರರು ಬರೆದದ್ದು ಸುಲ್ತಾನನ ಕಣ್ಣಿಗೆ. ಬಂದವನ ಕೈಗೆ ಅವರು ಏನನ್ನೂ ಕೊಡುತ್ತಿರಲಿಲ್ಲ. ಔರಾದಿನ ಕೌಂಟರಿನಲ್ಲಿ ಬಂದವನ ಕೈಗೂ ಒಂದು ಚೀಟಿ ಬಂದಿತು.

ಹುಡುಗಿಗೆ ಕೆಲಸ ಸಿಕ್ಕಿತು, ಮೂರು ತಿಂಗಳ ಪರೀಕ್ಷೆಯ ಮೇಲೆ. ಕಳೆದ ಭಾನುವಾರ ತಂದೆಯೊಡನೆ ಪೇಢೆ ತಂದಿದ್ದಳು. ನಾನು ಈ ಲೇಖನದ ಅರ್ಧವನ್ನು ಓದಿ ಹೇಳಿದೆ. ತಂದೆ ಏನೂ ಮಾತನಾಡಲಿಲ್ಲ. ಮುದ್ರೆಯ ಪ್ರಸಂಗವನ್ನು ಮಾತ್ರ ಇನ್ನೊಮ್ಮೆ ಓದಿಸಿ ಕೇಳಿದ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಕಾಕಾ, ನಮ್ಮ ರಿಜಿಸ್ಟರಿನಾಗ ಬಂದವರದು ಬರಿಲಿಕ್ಕ ಜಾಗಾ ಅದ, ಹೋದವರದು ಬರಿಲಿಕ್ಕ ಜಾಗಾನೇ ಇಲ್ಲ” ಎಂದಳು. ಸೋಮವಾರ ಒಂದು ಅಡಿಪಟ್ಟಿ ಒಯ್ದು ಗೆರೆ ಎಳೆದುಕೋ ಎಂದು ಹೇಳಿದೆ.